ಕೀಲಿ ತಿರುಗಿಸದ ಕಾರು: ಶಿರಸಿ, ಕುಮಟಾ, ಕಾರವಾರದ ದಾರಿಯಲ್ಲಿ ಒಂಬತ್ತು ತಿಂಗಳು

ಹದಿನಾಲ್ಕು ವರ್ಷ ಓಡಿಸಿದ ಹಳೆಯ ಸಣ್ಣ ಕಾರನ್ನು ಕೊಟ್ಟು, ಕಳೆದ ಏಪ್ರಿಲ್‌ನಲ್ಲಿ ಹೊಸದೊಂದನ್ನು ಮನೆಗೆ ತಂದೆವು. ನಾಲ್ಕು ಮೀಟರಿಗಿಂತ ತುಸು ಕಡಿಮೆ ಉದ್ದದ, ಎತ್ತರ ನಿಲುವಿನ ಪೆಟ್ರೋಲ್ ಗಾಡಿ ಇದು. ಗೇರನ್ನು ಕೈಯಲ್ಲೇ ಹಾಕಬೇಕು, ಎಂಜಿನ್ ಚಾಲೂ ಮಾಡುವುದಕ್ಕೆ ಮಾತ್ರ ಕೀಲಿ ತಿರುಗಿಸುವ ಬದಲು ಗುಂಡಿ, ಕೀಲಿ ಜೇಬಿನಲ್ಲಿ ಗಾಡಿಯೊಳಗೆ ಇದ್ದರೆ ಸಾಕು. ಶಿರಸಿ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ದೂರದ ನಮ್ಮ ಹಳ್ಳಿಯ ಮಣ್ಣುದಾರಿ, ವಾರಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟಾ, ತಿಂಗಳಿಗೊಮ್ಮೆ ಹೆದ್ದಾರಿ 66ರಲ್ಲಿ ಅಂಕೋಲೆ ದಾಟಿ ತಂಗಿಯ ಮನೆಯಿರುವ ಕಾರವಾರದ ಕೋಡಿಬಾಗ, ಹೀಗೆ ಒಟ್ಟು 11 ಸಾವಿರ ಕಿಲೋಮೀಟರ್ ಆಗಿದೆ. ಈ ಬೆಲೆಯ ಆಸುಪಾಸಿನಲ್ಲಿ ಯಾರ ಕಾರು ಕೊಂಡರೂ ಒಳಗಿನ ಸೌಕರ್ಯಗಳು ಹೆಚ್ಚುಕಡಿಮೆ ಇವೇ ಆಗಿರುವುದರಿಂದ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಎಂಜಿನ್ನಿನ ಶಕ್ತಿ, ಮೈಲೇಜುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಚಾಲಕನ ಸೀಟಿನಲ್ಲಿ ಕುಳಿತಾಗ ಕೈಗೆಟಕುವ ಸಂಗತಿಗಳು ನಮ್ಮ ಮಳೆ, ಘಟ್ಟ, ಉಪ್ಪುಗಾಳಿಗಳ ನಡುವೆ ಹೇಗೆ ಕೆಲಸಕ್ಕೆ ಬಂದವು ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲಿಗೆ ಗಾಡಿಯನ್ನು ಕೈಗೊಪ್ಪಿಸಿದ ಸೇವೆಯ ಬಗ್ಗೆ. ಶೋರೂಮಿನಲ್ಲಿ ಹೂಮಾಲೆ, ದೊಡ್ಡ ಅಟ್ಟೆಯ ಕೀಲಿ ಹಿಡಿದು ಫೋಟೊ, ಕೇಕು, ಪೂಜೆ ಎಲ್ಲ ಸೇರಿ ಮುಕ್ಕಾಲು ಗಂಟೆ ಹಿಡಿಯಿತು. ಒಳಗಿನ ಸೌಕರ್ಯಗಳನ್ನು ತೋರಿಸಿದ್ದು ಹತ್ತು ನಿಮಿಷ. ಅದರಲ್ಲಿ ಏಳು ನಿಮಿಷ ಮೊಬೈಲನ್ನು ಪರದೆಗೆ ಜೋಡಿಸುವುದಕ್ಕೇ ಹೋಯಿತು. ಎಂಜಿನ್ ಚಾಲೂ ಮಾಡುವ ವಿಧಾನವನ್ನು ಆ ಹುಡುಗ ಒಂದೇ ವಾಕ್ಯದಲ್ಲಿ ಮುಗಿಸಿದ: "ಕ್ಲಚ್ ಒತ್ತಿ, ಬಟನ್ ಒತ್ತಿ, ಅಷ್ಟೇ ಸರ್." ಸೀಟಿನ ದಪ್ಪ ರೆಕ್ಸಿನ್ ಹೊದಿಕೆ ಮತ್ತು ನೆಲಕ್ಕೆ ಹಾಸುವ ಉಬ್ಬಿದ ಮ್ಯಾಟುಗಳನ್ನು ಮಾರುವುದಕ್ಕೆ ತೋರಿಸಿದ ಉತ್ಸಾಹದ ಕಾಲುಭಾಗ ಇದಕ್ಕೆ ಸಿಕ್ಕಿದ್ದರೂ ಸಾಕಿತ್ತು. ಮುನ್ನೂರು ಚಿಲ್ಲರೆ ಪುಟಗಳ ಮಾಲೀಕರ ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ನಾನು ಮೂರು ಸಂಜೆ ಕುಳಿತು ಓದಿದೆ. ಮನೆಯಲ್ಲಿ ಗಾಡಿ ಓಡಿಸುವ ಉಳಿದಿಬ್ಬರು ಓದಲಿಲ್ಲ. ಕನ್ನಡದಲ್ಲಿ ನಾಲ್ಕು ಪುಟದ ಒಂದು ಕಾರ್ಡನ್ನು ಕೈಪೆಟ್ಟಿಗೆಯಲ್ಲಿ ಇಟ್ಟುಕೊಟ್ಟಿದ್ದರೆ ಮುಂದೆ ಹೇಳುವ ಎರಡು ಫಜೀತಿಗಳು ತಪ್ಪುತ್ತಿದ್ದವು.

ಸೀಟು ಚೆನ್ನಾಗಿದೆ. ಚಾಲಕನ ಸೀಟನ್ನು ಎತ್ತರಿಸಬಹುದಾದ್ದರಿಂದ ಐದಡಿಗೆ ಒಂದಿಂಚು ಕಡಿಮೆಯಿರುವ ನನ್ನ ಹೆಂಡತಿಗೂ ಬಾನೆಟ್ಟಿನ ಅಂಚು ಕಾಣುತ್ತದೆ. ಸ್ಟೀರಿಂಗ್ ಚಕ್ರ ಮೇಲೆ ಕೆಳಗೆ ಹೊಂದುತ್ತದೆಯೇ ಹೊರತು ಮುಂದೆ ಹಿಂದೆ ಸರಿಯುವುದಿಲ್ಲ, ಇದು ಕೊರತೆಯೇ. ಗಿಡ್ಡಗಿರುವವರು ಕ್ಲಚ್ ಪೂರ್ತಿ ಒತ್ತಲೆಂದು ಸೀಟನ್ನು ಮುಂದಕ್ಕೆ ಎಳೆದುಕೊಂಡಾಗ ಎದೆ ಚಕ್ರಕ್ಕೆ ತೀರ ಹತ್ತಿರವಾಗುತ್ತದೆ. ಏರ್‌ಬ್ಯಾಗ್ ಅಡಗಿರುವ ಚಕ್ರದ ನಡುಭಾಗಕ್ಕೂ ಎದೆಗೂ ಕನಿಷ್ಠ 25 ಸೆಂಟಿಮೀಟರ್ ಅಂತರ ಇರಬೇಕೆಂಬುದು ಸಾಮಾನ್ಯ ನಿಯಮ. ಸೀಟನ್ನು ತುಸು ಎತ್ತರಿಸಿ, ಬೆನ್ನಿನ ಭಾಗವನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದ ಮೇಲೆ ಅವಳಿಗೆ ಆ ಅಂತರ ದೊರೆಯಿತು. ತಲೆದಿಂಬಿನ ಮೇಲಂಚು ತಲೆಯ ಮೇಲ್ಭಾಗದ ಮಟ್ಟಕ್ಕೆ ಬರಬೇಕು. ಕುತ್ತಿಗೆಗೆ ತಾಗುವಂತೆ ತಗ್ಗಿಸಿಟ್ಟರೆ ಹಿಂದಿನಿಂದ ಗಾಡಿ ಗುದ್ದಿದಾಗ ಅದು ಕಾಯುವುದಿಲ್ಲ. ಶೋರೂಮಿನವರು ಹೇಳಿದ ರೆಕ್ಸಿನ್ ಹೊದಿಕೆಯನ್ನು ನಾನು ಹಾಕಿಸಲಿಲ್ಲ, ಏಕೆಂದರೆ ಪಕ್ಕದ ಏರ್‌ಬ್ಯಾಗ್ ಸೀಟಿನ ಹೊರಬದಿಯ ಹೊಲಿಗೆಯನ್ನು ಹರಿದುಕೊಂಡು ಬರುವಂತೆ ಕೂಡಿಸಿರುತ್ತಾರೆ, ಅದರ ಮೇಲೆ ದಪ್ಪ ಹೊದಿಕೆ ಬಿಗಿದರೆ ಕೊಟ್ಟ ದುಡ್ಡು ವ್ಯರ್ಥ. ಮ್ಯಾಟು ಮಾತ್ರ ಹಾಕಿಸಿದೆ, ಅದೇ ಮೊದಲ ಫಜೀತಿಗೆ ಕಾರಣವಾಯಿತು.

ಜೂನ್ ತಿಂಗಳ ಒಂದು ಬೆಳಿಗ್ಗೆ ಗಾಡಿ ಚಾಲೂ ಆಗಲೇ ಇಲ್ಲ. ದೀಪಗಳೆಲ್ಲ ಹತ್ತುತ್ತವೆ, ಹಾರ್ನ್ ಗಟ್ಟಿಯಾಗಿಯೇ ಕೂಗುತ್ತದೆ, ಗುಂಡಿ ಒತ್ತಿದರೆ ಎಂಜಿನ್ ಸುಮ್ಮನಿದೆ. ಬ್ಯಾಟರಿಯೇ ಹೋಯಿತೆಂದು ತಿಳಿದು ಪೇಟೆಯ ಮೆಕ್ಯಾನಿಕ್ಕಿಗೆ ಫೋನು ಮಾಡಿದರೆ ಅವರು ಕೇಳಿದ ಮೊದಲ ಪ್ರಶ್ನೆ, ಕ್ಲಚ್ ನೆಲ ಮುಟ್ಟುತ್ತಿದೆಯೇ ಎಂಬುದು. ಹಿಂದಿನ ದಿನದ ಕೆಸರು ತೊಳೆದು ಹಾಸಿದ ಮ್ಯಾಟು, ಕೊಕ್ಕೆಗೆ ಸಿಕ್ಕಿಸದ ಕಾರಣ ಮುಂದಕ್ಕೆ ಜಾರಿ ಪೆಡಲಿನ ಹಿಂದೆ ಮಡಿಚಿಕೊಂಡಿತ್ತು. ಕ್ಲಚ್ ಪೂರ್ತಿ ಕೆಳಗಿಳಿಯದ ಹೊರತು ಸ್ಟಾರ್ಟರ್ ಮೋಟಾರಿಗೆ ವಿದ್ಯುತ್ ಹೋಗದಂತೆ ಅಲ್ಲೊಂದು ಸ್ವಿಚ್ ಇರುತ್ತದೆ. ಅಂದು ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಅದೇ ಮ್ಯಾಟು ಕ್ಲಚ್ಚಿನ ಬದಲು ಬ್ರೇಕಿನ ಹಿಂದೆ ಸೇರಿ, ನಾವು ಘಟ್ಟದ ಇಳಿಜಾರಿನಲ್ಲಿ ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಯೋಚಿಸಿ, ಅಂದೇ ಅದನ್ನು ತೆಗೆದು ಗಾಡಿಯ ಜೊತೆ ಬಂದಿದ್ದ ತೆಳು ಮ್ಯಾಟನ್ನು ಕೊಕ್ಕೆ ಸಮೇತ ಹಾಕಿದೆ.

ಈಗ ಗುಂಡಿಯ ವಿಷಯ. ಕ್ಲಚ್ ಒತ್ತದೆ ಗುಂಡಿಯನ್ನು ಒಮ್ಮೆ ಒತ್ತಿದರೆ ರೇಡಿಯೊ, ಚಾರ್ಜರ್‌ಗಳಿಗೆ ವಿದ್ಯುತ್ ಬರುತ್ತದೆ. ಎರಡನೆಯ ಸಲ ಒತ್ತಿದರೆ ಎಂಜಿನ್ ಹೊರತು ಉಳಿದೆಲ್ಲವೂ ಎಚ್ಚರಗೊಳ್ಳುತ್ತವೆ. ಮೂರನೆಯ ಸಲಕ್ಕೆ ಎಲ್ಲ ಆರುತ್ತದೆ. ಕ್ಲಚ್ ಒತ್ತಿಕೊಂಡು ಗುಂಡಿ ಮುಟ್ಟಿದರೆ ಈ ಮೆಟ್ಟಿಲುಗಳನ್ನೆಲ್ಲ ಹಾರಿ ನೇರವಾಗಿ ಎಂಜಿನ್ ಚಾಲೂ ಆಗುತ್ತದೆ. ಹಳೆಯ ಕಾರಿನಲ್ಲಿ ಕೀಲಿ ತಿರುಗಿಸುವಾಗ ನಡುವೆ ಒಂದು ತಡೆ ಬರುತ್ತಿತ್ತು, ಕಣ್ಣು ತಾನಾಗಿಯೇ ದೀಪಗಳ ಕಡೆ ಹೋಗುತ್ತಿತ್ತು. ಗುಂಡಿ ಆ ಗಳಿಗೆಯನ್ನು ಕಿತ್ತುಕೊಂಡಿದೆ ಎಂಬುದೇ ಈ ಸೌಕರ್ಯದ ಮೇಲೆ ನನಗಿರುವ ಮುಖ್ಯ ಆಕ್ಷೇಪ. ಆದ್ದರಿಂದ ದಿನದ ಮೊದಲ ಸಲ ನಾನು ಬೇಕೆಂದೇ ಕ್ಲಚ್ ಒತ್ತದೆ ಎರಡು ಸಲ ಗುಂಡಿ ಒತ್ತುತ್ತೇನೆ. ಏರ್‌ಬ್ಯಾಗ್ ಮತ್ತು ಎಬಿಎಸ್ (ಬ್ರೇಕು ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ದೀಪಗಳು ಹತ್ತಿ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಆಯಿಲ್ ಒತ್ತಡದ್ದು, ಬ್ಯಾಟರಿಯದ್ದು, ಎಂಜಿನ್ನಿನದ್ದು ಹತ್ತಿಕೊಂಡೇ ಇದ್ದು, ಎಂಜಿನ್ ಚಾಲೂ ಆದ ಕೂಡಲೇ ಆರಬೇಕು. ಹತ್ತಲೇಬೇಕಾದ ದೀಪ ಹತ್ತದಿದ್ದರೆ ಅದೂ ದೋಷವೇ, ಈ ಮಾತನ್ನು ಬಹಳ ಜನ ಗಮನಿಸುವುದಿಲ್ಲ. ಚಾಲೂ ಆದ ಮೇಲೂ ಕೆಂಪು ದೀಪ ಉಳಿದರೆ ಗಾಡಿ ಕದಲಿಸಬಾರದು. ಹಳದಿ ಉಳಿದರೆ ಗ್ಯಾರೇಜಿಗೆ ಹೋಗುವ ದಾರಿ ನೋಡಬೇಕು. ಆಮೇಲೆ ಬ್ರೇಕು ಮತ್ತು ಕ್ಲಚ್ ಎರಡನ್ನೂ ಒತ್ತಿ, ಗೇರಿನ ಕೋಲನ್ನು ಅತ್ತಿತ್ತ ಅಲ್ಲಾಡಿಸಿ ನೋಡಿ, ಗುಂಡಿ ಒತ್ತುತ್ತೇನೆ.

ಗೇರು ಅಲ್ಲಾಡಿಸಿ ನೋಡುವುದಕ್ಕೆ ನಮ್ಮ ಸೀಮೆಯಲ್ಲಿ ವಿಶೇಷ ಕಾರಣವಿದೆ. ಮಳೆಗಾಲದಲ್ಲಿ ಗಾಡಿಯನ್ನು ಎರಡು ಮೂರು ದಿನ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ತೇವಕ್ಕೆ ಹಿಂದಿನ ಚಕ್ರಗಳ ಬ್ರೇಕು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಹೀಗಾಗಿ ಸಮತಟ್ಟಾದ ಶೆಡ್ಡಿನಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡುವುದು ಇಲ್ಲಿನ ವಾಡಿಕೆ. ಮೊದಲನೆಯ ಗೇರಿನಲ್ಲಿರುವುದು ಮರೆತು ಕ್ಲಚ್ ಒತ್ತಿ ಚಾಲೂ ಮಾಡಿದರೆ ಗಾಡಿ ಏನೂ ಹೇಳದೆ ಚಾಲೂ ಆಗುತ್ತದೆ, ಕಾಲು ತೆಗೆದ ಕ್ಷಣವೇ ಮುಂದಕ್ಕೆ ಜಿಗಿಯುತ್ತದೆ. ನಮ್ಮ ಶೆಡ್ಡಿನ ಮುಂಗೋಡೆಯ ಮೇಲಿರುವ ಗುರುತಿನ ಬಗ್ಗೆ ನನ್ನ ಮಗ ಹೆಚ್ಚು ಮಾತನಾಡಲು ಇಷ್ಟಪಡುವುದಿಲ್ಲ.

ಶೆಡ್ಡಿನ ಮಾತು ಬಂದದ್ದರಿಂದ ಇನ್ನೆರಡು ಸಂಗತಿ. ಎರಚಲು ಹೊಡೆಯಬಾರದೆಂದು ಮೇ ಕೊನೆಯಲ್ಲಿ ಶೆಡ್ಡಿನ ಮೂರೂ ಬದಿಗೆ ಅಡಿಕೆ ಸೋಗೆಯ ತಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಕಟ್ಟುತ್ತೇವೆ. ಅಂಥ ಮುಚ್ಚಿದ ಜಾಗದಲ್ಲಿ ಎಂಜಿನ್ ಚಾಲೂ ಇಟ್ಟು ಗಾಜು ಒರೆಸುತ್ತ ನಿಲ್ಲುವುದು ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಭಾರವಾಗುವ ಹೊತ್ತಿಗೆ ತಡವಾಗಿರುತ್ತದೆ. ಹೊಸ ಪೆಟ್ರೋಲ್ ಎಂಜಿನ್ ಎಷ್ಟು ಮೆತ್ತಗೆ ಓಡುತ್ತದೆಯೆಂದರೆ, ಮಳೆಯ ಸದ್ದಿನಲ್ಲಿ ಅದು ನಿಂತಿದೆಯೋ ಓಡುತ್ತಿದೆಯೋ ತಿಳಿಯುವುದಿಲ್ಲ, ನಮ್ಮ ಆಯಿ ಮೊದಲ ದಿನ ಪಕ್ಕದಲ್ಲಿ ಕುಳಿತು, "ಕೀಲಿನೇ ಹಾಕಿದ್ದಿಲ್ಲೆ, ಗಾಡಿ ಹ್ಯಾಂಗೆ ಸುರುವಾತು ತಮಾ?" ಎಂದು ಕೇಳಿದ್ದು ಸುಮ್ಮನೆ ಅಲ್ಲ. ಗಾಡಿಯನ್ನು ಮೊದಲು ಅಂಗಳಕ್ಕೆ ತಂದು, ಆಮೇಲೆ ಉಳಿದ ಕೆಲಸ. ಎರಡನೆಯದು ಬಾನೆಟ್. ಬೆಚ್ಚಗಿರುವ ಎಂಜಿನ್ನಿನ ಮೇಲೆ ಬೆಕ್ಕು ಮಲಗುವುದು, ಇಲಿ ಗೂಡು ಕಟ್ಟಿ ವೈರು ಕಡಿಯುವುದು, ಇಲಿಯ ಹಿಂದೆ ಹಾವು ಬರುವುದು ಮಲೆನಾಡಿನಲ್ಲಿ ಹೊಸತಲ್ಲ. ನಾಲ್ಕು ದಿನ ನಿಂತ ಗಾಡಿಯಾದರೆ ಬಾನೆಟ್ ಎತ್ತಿ ನೋಡಿಯೇ ಚಾಲೂ ಮಾಡಬೇಕು. ದಿನವೂ ಓಡುವ ಗಾಡಿಯಾದರೆ ಬಾನೆಟ್ಟಿಗೆ ಎರಡು ಪೆಟ್ಟು ಕೊಟ್ಟರೆ ಸಾಕು.

ಎರಡನೆಯ ಫಜೀತಿ ನಡೆದದ್ದು ಆಗಸ್ಟಿನಲ್ಲಿ. ಮಂಗಳೂರಿಗೆ ಹೋಗಬೇಕಿದ್ದ ನಾನು ಕುಮಟಾ ರೈಲು ನಿಲ್ದಾಣದವರೆಗೆ ಗಾಡಿ ಓಡಿಸಿಕೊಂಡು ಬಂದು, ಎಂಜಿನ್ ಆರಿಸದೆ ಇಳಿದೆ. ಹೆಂಡತಿ ಪಕ್ಕದ ಸೀಟಿನಿಂದ ಇತ್ತ ಬಂದು ಕುಳಿತು ಶಿರಸಿಗೆ ಹೊರಟಳು. ಕೀಲಿ ನನ್ನ ಅಂಗಿಯ ಜೇಬಿನಲ್ಲಿತ್ತು. ಎಂಜಿನ್ ಒಮ್ಮೆ ಚಾಲೂ ಆದ ಮೇಲೆ ಕೀಲಿ ದೂರ ಹೋದರೂ ಗಾಡಿ ನಿಲ್ಲುವುದಿಲ್ಲ, ನಿಲ್ಲಲೂಬಾರದು, ಏಕೆಂದರೆ ಓಡುತ್ತಿರುವ ಗಾಡಿ ನಡುದಾರಿಯಲ್ಲಿ ತಾನಾಗಿ ಆರಿದರೆ ಅದು ಇನ್ನೂ ದೊಡ್ಡ ಅಪಾಯ. ಕೀಲಿ ಒಳಗಿಲ್ಲವೆಂದು ಗಾಡಿ ಪೀಪ್ ಸದ್ದು ಮಾಡಿತ್ತಂತೆ, ಪರದೆಯ ಮೇಲೆ ಬರಹವೂ ಬಂದಿತ್ತಂತೆ. ಬಾಗಿಲು ಹಾಕಿದ ಗದ್ದಲ, ಮಳೆಯ ಸದ್ದು, ಸೀಟು ಬೆಲ್ಟಿನ ಪೀಪ್ ಇವೆಲ್ಲದರ ನಡುವೆ ಅವಳಿಗೆ ಅದು ಬೇರೆಯಾಗಿ ಕೇಳಿಸಲಿಲ್ಲ. ಕತಗಾಲದಲ್ಲಿ ತರಕಾರಿ ಕೊಳ್ಳಲೆಂದು ಗಾಡಿ ಆರಿಸಿದಳು, ಮತ್ತೆ ಅದು ಚಾಲೂ ಆಗಲಿಲ್ಲ. ಅಂದು ರೈಲು ತಡವಾಗಿದ್ದು ನಮ್ಮ ಪುಣ್ಯ. ಇನ್ನೂ ಪ್ಲಾಟ್‌ಫಾರಮ್ಮಿನಲ್ಲೇ ಇದ್ದ ನಾನು ಹೊರಗೆ ಬಂದು, ಒಬ್ಬ ಆಟೊದವರ ಕೈಯಲ್ಲಿ ಕೀಲಿ ಕಳಿಸಿದೆ. ಎಲ್ಲ ಎಚ್ಚರಿಕೆಗಳಿಗೂ ಒಂದೇ ಬಗೆಯ ಪೀಪ್ ಇಟ್ಟಿರುವುದು ಈ ಗಾಡಿಯ ವಿನ್ಯಾಸದ ದೋಷ ಎಂದೇ ನನ್ನ ಅಭಿಪ್ರಾಯ. ಕೀಲಿಯದ್ದಕ್ಕಾದರೂ ಬೇರೆ ಸದ್ದು ಬೇಕಿತ್ತು. ನಾವು ಮಾಡಿಕೊಂಡ ವ್ಯವಸ್ಥೆಯೆಂದರೆ ಎರಡನೆಯ ಕೀಲಿ ಕಪಾಟಿನಲ್ಲಿರದೆ ಅವಳ ಚೀಲದಲ್ಲಿರುತ್ತದೆ, ಮತ್ತು ಚಾಲಕ ಬದಲಾಗುವಾಗ ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡುತ್ತೇವೆ.

ಕೀಲಿಯೊಳಗಿನ ಬ್ಯಾಟರಿ ಸಿಆರ್ 2032 ಎಂಬ ನಾಣ್ಯದಾಕಾರದ್ದು, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದು ಪೂರ್ತಿ ಸತ್ತರೂ ಗಾಬರಿ ಬೇಡ: ಕೀಲಿಯ ಒಡಲಿನಿಂದ ಲೋಹದ ಸಣ್ಣ ಕೀಲಿಯೊಂದನ್ನು ಎಳೆದು ಬಾಗಿಲು ತೆಗೆಯಬಹುದು, ಕೀಲಿಯನ್ನೇ ಗುಂಡಿಗೆ ತಾಗಿಸಿ ಹಿಡಿದರೆ ಅದರೊಳಗಿನ ಚಿಪ್ಪನ್ನು ಗಾಡಿ ಬ್ಯಾಟರಿಯ ಹಂಗಿಲ್ಲದೆ ಓದಿಕೊಂಡು ಚಾಲೂ ಆಗುತ್ತದೆ. ಇದನ್ನು ಶೋರೂಮಿನಲ್ಲಿ ಹೇಳಲಿಲ್ಲ. ಓಡುತ್ತಿರುವಾಗ ತುರ್ತಾಗಿ ಎಂಜಿನ್ ಆರಿಸಬೇಕಾದರೆ ಗುಂಡಿಯನ್ನು ಸುಮಾರು ಮೂರು ಸೆಕೆಂಡು ಒತ್ತಿ ಹಿಡಿಯಬೇಕೆಂಬುದನ್ನೂ ಹೇಳಲಿಲ್ಲ. ಹಾಗೆ ಆರಿಸಿದರೆ ಸ್ಟೀರಿಂಗ್ ಭಾರವಾಗುತ್ತದೆ, ಎರಡು ಮೂರು ಒತ್ತುಗಳ ನಂತರ ಬ್ರೇಕೂ ಗಟ್ಟಿಯಾಗುತ್ತದೆ, ಆದ್ದರಿಂದ ಬ್ರೇಕನ್ನು ಒಂದೇ ಸಲ ಬಲವಾಗಿ ಒತ್ತಿ ಹಿಡಿಯಬೇಕು.

ಈ ಗಾಡಿಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮುಂಗಾಜಿನ ಮಂಜು ತೆಗೆಯುವ ಗುಂಡಿ. ಶಿರಸಿ 500 ಮೀಟರಿಗೂ ಮಿಕ್ಕಿದ ಎತ್ತರದಲ್ಲಿದೆ, ಕುಮಟಾ ಕಡಲ ಮಟ್ಟದಲ್ಲಿದೆ. ಈ ಅರವತ್ತು ಕಿಲೋಮೀಟರಿನಲ್ಲಿ ಗಾಜಿಗೆ ಎರಡು ಬಗೆಯ ಮಂಜು ಕಟ್ಟುತ್ತದೆ, ಎರಡಕ್ಕೂ ಮದ್ದು ಬೇರೆ. ಘಟ್ಟದ ಮೇಲೆ ಹೊರಗಿನ ಮಳೆಗಾಳಿಗೆ ಗಾಜು ತಣ್ಣಗಾಗಿರುತ್ತದೆ. ಒದ್ದೆ ಕೊಡೆ, ನೆನೆದ ಬಟ್ಟೆ, ನಾಲ್ಕು ಜನರ ಉಸಿರು ಸೇರಿ ಒಳಗಿನ ಗಾಳಿ ತೇವಗೊಂಡು ಗಾಜಿನ ಒಳಮೈಗೆ ಕಟ್ಟುತ್ತದೆ. ಚಳಿಯೆಂದು ಎಸಿ ಆರಿಸುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಎಸಿಯ ತಣ್ಣನೆಯ ಸುರುಳಿ ಗಾಳಿಯ ನೀರನ್ನು ಹಿಂಡಿ ಹೊರಹಾಕುತ್ತದೆ. ಆದ್ದರಿಂದ ಎಸಿ ಹಾಕಿಯೇ, ಉಷ್ಣತೆಯನ್ನು ಬೆಚ್ಚಗೆ ತಿರುಗಿಸಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಆರಿಸಿ ಹೊರಗಾಳಿ ತೆಗೆದುಕೊಂಡು, ಗಾಜಿಗೆ ಬಿಡಬೇಕು. ಈ ಗಾಡಿಯಲ್ಲಿ ಇಷ್ಟನ್ನೂ ಒಂದೇ ಗುಂಡಿ ಮಾಡುತ್ತದೆ, ಹತ್ತು ಹದಿನೈದು ಸೆಕೆಂಡಿನಲ್ಲಿ ಗಾಜು ತಿಳಿಯಾಗುತ್ತದೆ. ಘಟ್ಟ ಇಳಿದು ರಾತ್ರಿ ಕುಮಟಾ ತಲುಪಿದಾಗ ಪರಿಸ್ಥಿತಿ ತಿರುಗುಮುರುಗಾಗುತ್ತದೆ. ಹೊರಗೆ ಸೆಕೆ, ತೇವ. ಎಸಿಯಿಂದ ತಣ್ಣಗಾದ ಗಾಜಿನ ಹೊರಮೈಗೆ ಮಂಜು ಕಟ್ಟುತ್ತದೆ. ಆಗ ಅದೇ ಗುಂಡಿಯನ್ನು ಒತ್ತಿ ತಣ್ಣನೆಯ ಗಾಳಿ ಬಿಟ್ಟರೆ ಮಂಜು ಹೆಚ್ಚೇ ಆಗುತ್ತದೆ. ವೈಪರ್ ಒಮ್ಮೆ ಬೀಸಿ, ಗಾಳಿಯನ್ನು ಗಾಜಿನಿಂದ ತಿರುಗಿಸಿ, ಎಸಿಯ ಉಷ್ಣತೆಯನ್ನು ಒಂದೆರಡು ಡಿಗ್ರಿ ಏರಿಸಿದರೆ ಮುಗಿಯಿತು. ಮಂಜು ಎಲ್ಲಿದೆಯೆಂದು ಸಂಶಯ ಬಂದರೆ ಬೆರಳಿನಿಂದ ಒಳಗಿನ ಗಾಜು ಮುಟ್ಟಿ ನೋಡಬಹುದು, ಆದರೆ ಅದು ಪಕ್ಕದಲ್ಲಿ ಕುಳಿತವರ ಕೆಲಸ.

ಒಳಗಾಳಿ ಸುತ್ತಿಸುವ ಗುಂಡಿಯನ್ನು ಹೆದ್ದಾರಿಯಲ್ಲಿ ಹೊಗೆ ಬಿಡುವ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಬಳಸಿ, ಲಾರಿ ದಾಟಿದ ಮೇಲೆ ತೆರೆಯುವುದು ಒಳ್ಳೆಯದು. ಅಂಕೋಲೆಯಿಂದ ಕಾರವಾರದವರೆಗೂ ಮುಚ್ಚಿಟ್ಟುಕೊಂಡರೆ ಉಸಿರಿನ ಇಂಗಾಲದ ಡೈ ಆಕ್ಸೈಡ್ ತುಂಬಿ ಚಾಲಕನಿಗೆ ತೂಕಡಿಕೆ ಬರುತ್ತದೆ.

ಅಂಗೈಯಗಲದ ಎರಡಷ್ಟಿರುವ ಸ್ಪರ್ಶ ಪರದೆ ನೋಡಲು ಚೆಂದ, ಆದರೆ ಫ್ಯಾನಿನ ವೇಗವನ್ನೂ ಅದರೊಳಗೇ ಸೇರಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಪರದೆಯಲ್ಲಿ ಸರಿಯಾದ ಚಿತ್ರ ಹುಡುಕಿ ಮುಟ್ಟುವುದಕ್ಕೆ ಎರಡು ಸೆಕೆಂಡು ಬೇಕು. ದೇವಿಮನೆಯ ತಿರುವುಗಳಲ್ಲಿ 22 ಮೀಟರ್ ಕುರುಡಾಗಿ ಹೋಗುವಷ್ಟು ನೇರ ರಸ್ತೆ ಎಷ್ಟು ಕಡೆ ಇದೆ? ತಿರುಗಿಸುವ ಹಿಡಿಯಾದರೆ ಬೆರಳೇ ದಾರಿ ಕಂಡುಕೊಳ್ಳುತ್ತದೆ. ಏರುವಾಗ ನಿಂತು ಹೊರಡುವಾಗ ಗಾಡಿ ಹಿಂದಕ್ಕೆ ಜಾರದಂತೆ ಎರಡು ಮೂರು ಸೆಕೆಂಡು ತಾನೇ ಬ್ರೇಕು ಹಿಡಿದಿಡುವ ಸೌಲಭ್ಯಕ್ಕೆ ಮಾತ್ರ ಪೂರ್ಣ ಅಂಕ ಕೊಡುತ್ತೇನೆ. ಎದುರಿಗೆ ಬಸ್ಸು, ಹಿಂದೆ ಅಡಿಕೆ ಮೂಟೆಯ ಪಿಕಪ್ ಇರುವ ಏರಿನಲ್ಲಿ ಅದರ ಬೆಲೆ ತಿಳಿಯುತ್ತದೆ. ಅದನ್ನೇ ನಂಬಿ ಕಾಲು ತೆಗೆದು ಕುಳಿತರೆ ಮೂರನೆಯ ಸೆಕೆಂಡಿಗೆ ಕೈಬಿಡುತ್ತದೆ, ಅಷ್ಟು ನೆನಪಿದ್ದರಾಯಿತು.

ಸೀಟು ಬೆಲ್ಟಿನ ಪೀಪ್ ಸದ್ದು ಕಿರಿಕಿರಿಯೆಂದು ಬೆಲ್ಟಿನ ಬದಲು ಬರೀ ಖಾಲಿ ಕೊಂಡಿ ಸಿಕ್ಕಿಸಿಕೊಳ್ಳುವವರನ್ನು ಶಿರಸಿಯಲ್ಲೂ ಕಾರವಾರದಲ್ಲೂ ಕಂಡಿದ್ದೇನೆ. ಈ ಕೊಂಡಿಗಳ ಮಾರಾಟ ನಿಲ್ಲಿಸುವಂತೆ 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶ ಕೊಟ್ಟಿತ್ತು. ಬೆಲ್ಟು ಮೈಯನ್ನು ಹಿಡಿದಿರುತ್ತದೆಂಬ ಲೆಕ್ಕದಲ್ಲೇ ಏರ್‌ಬ್ಯಾಗ್ ರೂಪಿಸಿರುತ್ತಾರೆ. ಬೆಲ್ಟಿಲ್ಲದೆ ಮುಂದಕ್ಕೆ ಹಾರಿದವನಿಗೆ ಅದೇ ಪೆಟ್ಟು ಕೊಡುತ್ತದೆ. ಹಿಂದಿನ ಸೀಟಿನವರಿಗೂ ಬೆಲ್ಟು ಕಡ್ಡಾಯವೇ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ತಪ್ಪಿದರೆ ದಂಡ 1,000 ರೂಪಾಯಿ, ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಟ್ಟದೆ ಕೂರಿಸಿದರೂ ಅಷ್ಟೇ ದಂಡ. ತಂಗಿಯ ಕೂಸಿನ ಸೀಟನ್ನು ಹಿಂಬದಿಯ ಐಸೊಫಿಕ್ಸ್ ಕೊಕ್ಕೆಗೆ (ಮಕ್ಕಳ ಸೀಟನ್ನು ಬಿಗಿಯಲೆಂದೇ ಗಾಡಿಯಲ್ಲಿ ಕೂಡಿಸಿರುವ ಕೊಕ್ಕೆ) ಸಿಕ್ಕಿಸುವುದು ಸುಲಭವಾಯಿತು. ಹಿಂದಕ್ಕೆ ಮುಖ ಮಾಡಿ ಕೂರಿಸುವ ಶಿಶುವಿನ ಸೀಟನ್ನು, ಏರ್‌ಬ್ಯಾಗ್ ಚಾಲ್ತಿಯಿರುವ ಮುಂದಿನ ಸೀಟಿನಲ್ಲಿ ಇಡಲೇಬಾರದು. ಚಾಲಕನ ಬಾಗಿಲಲ್ಲಿರುವ ಕಿಟಕಿ ಬೀಗದ ಗುಂಡಿಯನ್ನು ಮಕ್ಕಳು ಹತ್ತಿದ ಕೂಡಲೇ ಒತ್ತುತ್ತೇವೆ, ಏಕೆಂದರೆ ಅಡ್ಡ ಬಂದದ್ದನ್ನು ಗುರುತಿಸಿ ಗಾಜು ಕೆಳಗಿಳಿಯುವ ವ್ಯವಸ್ಥೆ ಇರುವುದು ಚಾಲಕನ ಕಿಟಕಿಗೆ ಮಾತ್ರ.

ಕೋಡಿಬಾಗದಲ್ಲಿ ಜುಲೈ ತಿಂಗಳ ಒಂದು ರಾತ್ರಿ ಭಾವನವರ ಮನೆಯ ಮುಂದಿನ ರಸ್ತೆಯಲ್ಲಿ ನೀರು ಏರಿ ಅವರ ಗಾಡಿಯ ಅರ್ಧ ಚಕ್ರ ದಾಟಿತ್ತು. ನೀರಿಳಿದ ಮೇಲೆ ಬೆಳಿಗ್ಗೆ ಒಮ್ಮೆ ಚಾಲೂ ಮಾಡಿ ನೋಡೋಣವೆಂದು ಅವರು ಕೈ ಹಾಕಿದಾಗ ನಾನೇ ತಡೆದೆ. ಎಂಜಿನ್ನಿನ ಒಳಗೆ ನೀರು ಸೇರಿದ್ದರೆ ಪಿಸ್ಟನ್ ಅದನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾರದು, ಪಿಸ್ಟನ್ನಿಗೆ ಜೋಡಿಸಿದ ರಾಡು ಬಾಗುತ್ತದೆ; ಹಾಗೆ ಚಾಲೂ ಮಾಡಿ ಆದ ಹಾನಿಗೆ, ಎಂಜಿನ್ ರಕ್ಷಣೆಯ ಪ್ರತ್ಯೇಕ ಕಂತು ಕಟ್ಟಿರದಿದ್ದರೆ, ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಟೋಯಿಂಗ್ ಗಾಡಿ ಬಂದು ಒಯ್ದಿತು, ಗಾಳಿಯ ಫಿಲ್ಟರ್ ಒದ್ದೆಯಾಗಿತ್ತು, ಎಂಜಿನ್ ಉಳಿಯಿತು.

ಇದೇ ಮಾದರಿಯ ಮೇಲಿನ ಆವೃತ್ತಿಗೆ ಸುಮಾರು ಒಂದು ಲಕ್ಷ ಹೆಚ್ಚು ಕೊಟ್ಟರೆ ಸನ್‌ರೂಫ್ ಮತ್ತು ಇನ್ನೂ ದೊಡ್ಡ ಪರದೆ ಬರುತ್ತದೆ. ಮಳೆಗಾಲದಲ್ಲಿ ತೆರೆಯಲಾಗದ, ಬೇಸಿಗೆಯಲ್ಲಿ ತೆರೆಯಬಾರದ ಕಿಂಡಿಗೆ ಅಷ್ಟು ದುಡ್ಡು ಹಾಕುವ ಮನಸ್ಸು ನನಗಾಗಲಿಲ್ಲ. ಕೆಳಗಿನ ಆವೃತ್ತಿಗೆ ಇಳಿಯುವುದೂ ಬೇಡ, ಅದರಲ್ಲಿ ಹಿಂಗಾಜಿನ ವೈಪರೂ ಇಲ್ಲ, ಹಿಂಗಾಜನ್ನು ಬೆಚ್ಚಗೆ ಮಾಡುವ ತಂತಿಗಳೂ ಇಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಶಿರಸಿಯಿಂದ ಕೆಳಗಿಳಿಯುವ ಯಾರೇ ಆಗಲಿ, ಬುಕ್ ಮಾಡುವ ಮೊದಲು ಶೋರೂಮಿನ ಗಾಡಿಯ ಹಿಂಬದಿಗೆ ಹೋಗಿ ಆ ಎರಡು ಇವೆಯೇ ಎಂದು ಕಣ್ಣಾರೆ ನೋಡಿಕೊಂಡು ಬನ್ನಿ.